ನರ್ಸಿಂಗ್ ಪದವಿ: ಓದನ್ನು ವಾರ್ಡಿಗೆ ಜೋಡಿಸಿಕೊಳ್ಳುವುದು ಹೇಗೆ?

ನರ್ಸಿಂಗ್ ಪದವಿಯ ವಿದ್ಯಾರ್ಥಿ ಏಕಕಾಲಕ್ಕೆ ಎರಡು ಕಡೆ ಕಲಿಯಬೇಕು: ತರಗತಿಯಲ್ಲಿ ಮತ್ತು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಐರೋಪ್ಯ ಒಕ್ಕೂಟದಲ್ಲಂತೂ ಕನಿಷ್ಠ 4,600 ಗಂಟೆಗಳ ತರಬೇತಿಯಲ್ಲಿ ಅರ್ಧದಷ್ಟಾದರೂ ಪ್ರಾಯೋಗಿಕವಾಗಿರಬೇಕೆಂಬ ನಿಯಮವೇ ಇದೆ. ಈ ಎರಡನ್ನೂ ಬೇರೆ ಬೇರೆ ಎಂದುಕೊಂಡು ಓದಿದರೆ ಕೋರ್ಸ್ ಹೊರಲಾರದ ಹೊರೆಯಾಗುತ್ತದೆ. ಜೋಡಿಸಿಕೊಂಡು ಓದುವ ಕ್ರಮ ಹೀಗಿದೆ.

ಹೆಜ್ಜೆ 1: ಕಾರಣದ ಎಳೆ ಹಿಡಿಯಿರಿ

ಅಂಗರಚನೆಯ ಹೆಸರುಗಳನ್ನು ಬಾಯಿಪಾಠ ಮಾಡಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಆದರೆ ಶರೀರಕ್ರಿಯಾಶಾಸ್ತ್ರವನ್ನು ಬಾಯಿಪಾಠ ಮಾಡಬೇಡಿ. ಒಂದರಿಂದ ಇನ್ನೊಂದು ಹೇಗೆ ಆಗುತ್ತದೆ ಎಂದು ಬರೆದು ನೋಡಿ. ಹೃದಯದ ಎಡಭಾಗ ದುರ್ಬಲವಾದರೆ ರಕ್ತ ಶ್ವಾಸಕೋಶದ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ, ಒತ್ತಡ ಏರಿ ದ್ರವ ಹೊರಗೆ ಜಿನುಗುತ್ತದೆ, ರೋಗಿಗೆ ಅಂಗಾತ ಮಲಗಲು ಆಗುವುದಿಲ್ಲ. ಇಷ್ಟು ತಿಳಿದರೆ ಬೆನ್ನಿಗೆ ಆಸರೆ ಕೊಟ್ಟು ಕೂರಿಸುವುದೇಕೆ, ಮೂತ್ರ ಹೆಚ್ಚಿಸುವ ಔಷಧಿ ಏಕೆ, ಪ್ರತಿದಿನ ತೂಕ ನೋಡುವುದೇಕೆ ಎಂಬುದೆಲ್ಲ ತಾನಾಗಿಯೇ ಹೊಳೆಯುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ದೇಹದಲ್ಲಿ ನಿಂತ ನೀರನ್ನು ತಕ್ಕಡಿ ಬೇಗ ಹೇಳಿಬಿಡುತ್ತದೆ.

ಹೆಜ್ಜೆ 2: ಔಷಧಿಯ ಲೆಕ್ಕ ದಿನವೂ ಮಾಡಿ

ಇದನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ಇಡುವಂತಿಲ್ಲ. ಸೂತ್ರ ಸರಳ: ಬೇಕಾದ ಪ್ರಮಾಣವನ್ನು ಕೈಯಲ್ಲಿರುವ ಪ್ರಮಾಣದಿಂದ ಭಾಗಿಸಿ, ಅದು ಎಷ್ಟು ಮಿಲಿಲೀಟರಿನಲ್ಲಿದೆಯೋ ಅದರಿಂದ ಗುಣಿಸಿ. 75 ಮಿಲಿಗ್ರಾಂ ಕೊಡಬೇಕು, ಒಂದು ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಇದೆ ಎಂದಾದರೆ 1.5 ಮಿಲಿಲೀಟರ್. ಲೆಕ್ಕಕ್ಕೆ ಕೈಹಾಕುವ ಮೊದಲೇ ‘ಒಂದಕ್ಕಿಂತ ಹೆಚ್ಚು, ಎರಡಕ್ಕಿಂತ ಕಡಿಮೆ’ ಎಂದು ಅಂದಾಜು ಮಾಡುವ ಅಭ್ಯಾಸವಿದ್ದರೆ ತಪ್ಪು ಉತ್ತರ ಕಣ್ಣಿಗೆ ಬೀಳುತ್ತದೆ. ಡ್ರಿಪ್‌ಗೂ ಇದೇ ಶಿಸ್ತು ಬೇಕು: 500 ಮಿಲಿಲೀಟರ್, ನಾಲ್ಕು ಗಂಟೆ, ಮಿಲಿಲೀಟರಿಗೆ 20 ಹನಿ ಬೀಳಿಸುವ ಸೆಟ್ (ಡ್ರಿಪ್ ನಳಿಕೆ) ಎಂದರೆ ನಿಮಿಷಕ್ಕೆ ಸುಮಾರು 42 ಹನಿ. ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ಅದಲುಬದಲಾದರೆ ಪ್ರಮಾಣ ಸಾವಿರ ಪಟ್ಟು ತಪ್ಪುತ್ತದೆ. ಅರ್ಧವನ್ನು .5 ಎಂದಲ್ಲ, 0.5 ಎಂದೇ ಬರೆಯಿರಿ. ಒಂದನ್ನು ಮಾತ್ರ 1.0 ಎಂದು ಬರೆಯಬೇಡಿ. ಚುಕ್ಕೆ ಮಸುಕಾದರೆ ಅದು ಹತ್ತಾಗುತ್ತದೆ.

ಹೆಜ್ಜೆ 3: ಕೈಗೆ ಕೆಲಸ ಕಲಿಸಿ

ಕೌಶಲ ಪ್ರಯೋಗಾಲಯದಲ್ಲಿ ಸಹಪಾಠಿಯೊಬ್ಬರು ಹಂತಗಳ ಪಟ್ಟಿ ಹಿಡಿದು ನೋಡುತ್ತಿರಲಿ, ನೀವು ಪ್ರತಿ ಹಂತವನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಿ. ಕೈ ಶುಚಿತ್ವಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭಗಳನ್ನು ಹೇಳುತ್ತದೆ. ರೋಗಿಯ ಮಂಚ, ಮೇಜು ಮುಟ್ಟಿದ ನಂತರದ್ದು ಐದನೆಯದು. ‘ರೋಗಿಯನ್ನೇ ಮುಟ್ಟಲಿಲ್ಲವಲ್ಲ’ ಎಂದುಕೊಂಡು ಇದನ್ನು ಬಿಡುವುದು ಬಹಳ ಸುಲಭ, ಆದ್ದರಿಂದ ಇದರ ಮೇಲೆಯೇ ಹೆಚ್ಚು ಗಮನವಿರಲಿ.

ಹೆಜ್ಜೆ 4: ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ

ರಕ್ತದೊತ್ತಡವನ್ನೂ ಆಮ್ಲಜನಕದ ಮಟ್ಟವನ್ನೂ ಯಂತ್ರ ತೋರಿಸುತ್ತದೆ. ಉಸಿರಾಟವನ್ನು ಹೆಚ್ಚಾಗಿ ನೀವೇ ಎಣಿಸಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. ಎಣಿಸುತ್ತಿದ್ದೇವೆ ಎಂದು ರೋಗಿಗೆ ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ. ನಾಡಿ ನೋಡುವಂತೆ ಮಣಿಕಟ್ಟು ಹಿಡಿದೇ ಎದೆಯ ಏರಿಳಿತ ಗಮನಿಸಿ. ರೋಗಿಯ ಸ್ಥಿತಿ ಹದಗೆಡುವಾಗ ರಕ್ತದೊತ್ತಡ ಕುಸಿಯುವ ಮೊದಲೇ ಉಸಿರು ವೇಗವಾಗುವುದು ಸಾಮಾನ್ಯ. ಅಂದಾಜಿನಲ್ಲಿ ‘18’ ಎಂದು ಬರೆದುಬಿಡುವುದಕ್ಕಿಂತ ಅಪಾಯಕಾರಿ ಅಭ್ಯಾಸ ವಿದ್ಯಾರ್ಥಿಗೆ ಬೇರೊಂದಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಹೆಜ್ಜೆ 5: ದಿನಕ್ಕೊಬ್ಬ ರೋಗಿಯನ್ನು ಓದಿ

ಪಾಳಿ ಮುಗಿದ ಮೇಲೆ ಅಂದು ನೋಡಿಕೊಂಡ ಒಬ್ಬರನ್ನು ಆರಿಸಿ, ಶುಶ್ರೂಷಾ ಪ್ರಕ್ರಿಯೆಯ ಐದು ಹಂತಗಳಲ್ಲಿ ಬರೆಯಿರಿ: ಪರಿಶೀಲನೆ, ಸಮಸ್ಯೆಯ ಗುರುತು, ಯೋಜನೆ, ಆರೈಕೆ, ಮೌಲ್ಯಮಾಪನ. ಹೆಸರು, ಹಾಸಿಗೆ ಸಂಖ್ಯೆ ಯಾವುದೂ ಬೇಡ. ಗೋಪ್ಯತೆ ನಿಮ್ಮ ಟಿಪ್ಪಣಿ ಪುಸ್ತಕಕ್ಕೂ ಅನ್ವಯಿಸುತ್ತದೆ. ಬರೆಯುವಾಗ ಅರ್ಥವಾಗದ ಒಂದು ಔಷಧಿ ಅಥವಾ ಪರೀಕ್ಷೆ ಸಿಕ್ಕೇ ಸಿಗುತ್ತದೆ. ಅಂದಿನ ಓದು ಅದೇ. ರಾತ್ರಿ ಪಾಳಿಯ ಮರುದಿನ ಮಾತ್ರ ಇದಕ್ಕೆ ರಜೆ ಕೊಟ್ಟು ಮಲಗಿ.

ವಾರದ ಆರಂಭದಲ್ಲಿಯೇ ಮೇಲ್ವಿಚಾರಕರಿಗೆ ‘ಈ ವಾರ ಗಾಯದ ಡ್ರೆಸ್ಸಿಂಗ್ ಕಲಿಯಬೇಕೆಂದಿದ್ದೇನೆ’ ಎಂದು ಹೇಳಿಬಿಡಿ. ವಾರ್ಡಿನ ಗಡಿಬಿಡಿಯಲ್ಲಿ, ಅವಕಾಶ ಬಂದಾಗ ಅವರು ಕರೆಯುವುದು ಮೊದಲೇ ಕೇಳಿಕೊಂಡವರನ್ನು.