ಪ್ಲಗಿನ್ ಹೊಂದಾಣಿಕೆಯ ಸ್ವಯಂಚಾಲಿತ ಪರೀಕ್ಷೆ

ವರ್ಡ್‌ಪ್ರೆಸ್ ಪ್ಲಗಿನ್ (ವರ್ಡ್‌ಪ್ರೆಸ್ ಜಾಲತಾಣಕ್ಕೆ ಹೊಸ ಸೌಲಭ್ಯ ಸೇರಿಸುವ ತಂತ್ರಾಂಶ) ಬರೆಯುವವರು ಮೊದಲು ತಾವು ಬೆಂಬಲಿಸುವ ವರ್ಡ್‌ಪ್ರೆಸ್ ಮತ್ತು ಅದು ಓಡುವ ಭಾಷೆಯಾದ ಪಿಎಚ್‌ಪಿಯ ಆವೃತ್ತಿಗಳನ್ನು ಪಟ್ಟಿ ಮಾಡಿಕೊಳ್ಳಬೇಕು. ಎಲ್ಲ ಜೋಡಿಗಳನ್ನೂ ಪರೀಕ್ಷಿಸಲು ಹೊರಡುವುದು ನನ್ನ ಮಟ್ಟಿಗೆ ಸಮಯದ ದುಂದು; ತೀರಾ ಹಳೆಯದು, ತೀರಾ ಹೊಸದು ಮತ್ತು ಬೀಟಾ (ಬಿಡುಗಡೆಗೆ ಮುಂಚಿನ ಪ್ರಾಯೋಗಿಕ) ಆವೃತ್ತಿ ಇದ್ದರೆ ಸಾಮಾನ್ಯವಾಗಿ ಸಾಕು. ಈ ಪಟ್ಟಿಯನ್ನು ಗಿಟ್‌ಹಬ್‌ನ ಸ್ವಯಂಚಾಲನಾ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಮ್ಯಾಟ್ರಿಕ್ಸ್ (ಆವೃತ್ತಿ ಜೋಡಿಗಳ ಕೋಷ್ಟಕ) ಆಗಿ ಕೊಟ್ಟರೆ, ಕೋಡ್ ಬದಲಾದಾಗಲೆಲ್ಲ ಪ್ರತಿ ಜೋಡಿಗೂ ಹೊಸ ಪರಿಸರ ಸಿದ್ಧವಾಗಿ, ಆದೇಶ ಸಾಲಿನಿಂದ ವರ್ಡ್‌ಪ್ರೆಸ್ ನಿರ್ವಹಿಸುವ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐ ಮೂಲಕ ವರ್ಡ್‌ಪ್ರೆಸ್ ಸ್ಥಾಪನೆಗೊಂಡು, ಪ್ಲಗಿನ್ ಸಕ್ರಿಯಗೊಂಡು, ಪರೀಕ್ಷೆಗಳು ತಾವಾಗಿಯೇ ನಡೆಯುವಂತೆ ಮಾಡಬಹುದು.

ಪ್ಲಗಿನ್ ಸಕ್ರಿಯಗೊಂಡ ಮಾತ್ರಕ್ಕೆ ಅದು ಹೊಂದಿಕೊಂಡಿತೆಂದು ಭಾವಿಸಬಾರದು. ಉದಾಹರಣೆಗೆ, ಪಿಎಚ್‌ಪಿ 8.0ರಲ್ಲಿ ತೆಗೆದುಹಾಕಲಾದ ‘ಕ್ರಿಯೇಟ್_ಫಂಕ್ಷನ್’ ಎಂಬ ಫಂಕ್ಷನ್ ಅನ್ನು ಕರೆಯುವ ಸಾಲು ಕಾರ್ಯಗತವಾಗುವವರೆಗೂ ದೋಷ ಹೊರಬೀಳುವುದೇ ಇಲ್ಲ. ಆದ್ದರಿಂದ ಬ್ರೌಸರ್ ಅನ್ನು ತಾನಾಗಿ ನಡೆಸುವ ಪ್ಲೇರೈಟ್‌ನಂತಹ ಸಾಧನದಿಂದ ಪ್ಲಗಿನ್ನಿನ ಸೆಟ್ಟಿಂಗ್ಸ್ ಪುಟವನ್ನು ತೆರೆಸಿ, ಒಂದು ಆಯ್ಕೆಯನ್ನು ಬದಲಿಸಿ ಉಳಿಸುವಂತೆ ಮಾಡಿ, ಬಳಿಕ ದೋಷಗಳು ದಾಖಲಾಗುವ ಕಡತವಾದ ಡೀಬಗ್ ಲಾಗ್‌ನಲ್ಲಿ ಹೊಸ ಸಾಲು ಸೇರಿದೆಯೇ ಎಂದು ಪರಿಶೀಲಿಸಬೇಕು. ಮಾರಕ ದೋಷ ಕಂಡರೆ ಪರೀಕ್ಷೆ ಅಲ್ಲೇ ವಿಫಲವಾಗಲಿ. ಕೇವಲ ‘ಡೆಪ್ರಿಕೇಟೆಡ್’ (ಬಳಕೆ ಕೈಬಿಡಬೇಕೆಂದು ಸೂಚಿಸುವ) ಎಚ್ಚರಿಕೆಗಳನ್ನು ಪ್ರತ್ಯೇಕವಾಗಿ ದಾಖಲಿಸಿದರೆ ಸಾಕು.

ಬಳಕೆದಾರರು ನಿಮ್ಮ ಪ್ಲಗಿನ್ನಿನ ಜೊತೆಗೆ ಹೆಚ್ಚಾಗಿ ಬಳಸುವ ಇತರ ಪ್ಲಗಿನ್‌ಗಳನ್ನೂ ಸೇರಿಸಿ ಇದೇ ಪರೀಕ್ಷೆಯನ್ನು ಮರಳಿ ನಡೆಸಬೇಕು. ನಿಮ್ಮ ಕೋಡ್ ಬದಲಾಗದಿದ್ದರೂ ಸುತ್ತಲಿನ ಆವೃತ್ತಿಗಳು ಬದಲಾಗುತ್ತಲೇ ಇರುವುದರಿಂದ, ವಾರಕ್ಕೊಮ್ಮೆ ಪರೀಕ್ಷೆ ತಾನಾಗಿ ಓಡುವಂತೆ ವೇಳಾಪಟ್ಟಿಯನ್ನೂ ನಿಗದಿಪಡಿಸಿಡಿ.