ಸೋಂಕಿನ ಕಾಲದ ಹಲ್ಲುನೋವು: ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು

ದಾವಣಗೆರೆ ಎರಡು ದಂತ ವೈದ್ಯಕೀಯ ಕಾಲೇಜುಗಳಿರುವ ಊರು. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯವರು ಹಲ್ಲು ಕೀಳಿಸಲು, ಸೆಟ್ ಕಟ್ಟಿಸಲು ಬೆಳಗಿನ ಬಸ್ ಹತ್ತಿ ಇಲ್ಲಿಗೇ ಬರುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಲಾಕ್‌ಡೌನಿನಿಂದ ಆ ಬಸ್ಸುಗಳೇ ನಿಂತುಹೋದವು. ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ದಂತವೈದ್ಯರಿಗೆ ಮಾರ್ಗಸೂಚಿ ಹೊರಡಿಸಿ, ಸೋಂಕು ಹರಡದಂತೆ ನಿರ್ಬಂಧ ಹಾಕಿದ ಕಂಟೈನ್‌ಮೆಂಟ್ ವಲಯದಲ್ಲಿ ಕ್ಲಿನಿಕ್ ತೆರೆಯುವಂತಿಲ್ಲ, ಮೊದಲು ಫೋನಿನಲ್ಲೇ ವಿಚಾರಿಸಿ, ತುರ್ತು ಇದ್ದವರಿಗೆ ಆದ್ಯತೆ ಕೊಡಿ ಎಂದು ಹೇಳಿತು. ಅದಕ್ಕೆ ಕಾರಣವಿತ್ತು. ಹಲ್ಲು ಕೊರೆಯುವ ಯಂತ್ರವೂ ಕ್ಲೀನಿಂಗ್ ಯಂತ್ರವೂ ನೀರು ಚಿಮ್ಮಿಸುತ್ತಲೇ ಕೆಲಸ ಮಾಡುತ್ತವೆ. ಆ ನೀರು ಎಂಜಲಿನ ಜೊತೆ ಸೇರಿ ಸಣ್ಣ ತುಂತುರಾಗಿ ಕೋಣೆಯ ಗಾಳಿಯಲ್ಲಿ ತೇಲುತ್ತದೆ. ಕುರ್ಚಿಯಲ್ಲಿ ಕುಳಿತವರು ಮಾಸ್ಕ್ ಹಾಕಿಕೊಳ್ಳುವಂತೆಯೂ ಇಲ್ಲ.

ಇಂಥ ಸೋಂಕು ಮತ್ತೆ ಬಂದರೂ ಈ ಲೆಕ್ಕ ಬದಲಾಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಬ್ಬರಿಗಾದರೂ ಈ ಕ್ರಮ ಗೊತ್ತಿರಲಿ.

ಮೊದಲು: ನೋವಿಗಿಂತ ಬಾವು ನೋಡಿ

ನೋವು ಜೋರಾಗಿದ್ದರೆ ಅಪಾಯವೂ ಜೋರು ಎಂದೇ ನಾವು ತಿಳಿಯುತ್ತೇವೆ. ಹಲ್ಲಿನ ವಿಷಯದಲ್ಲಿ ಇದು ಎಷ್ಟೋ ಸಲ ತಪ್ಪು. ಹುಳುಕು ನರ ಮುಟ್ಟಿದಾಗ ರಾತ್ರಿಯಿಡೀ ನಿದ್ದೆ ಕೆಡಿಸುವ ಸಿಡಿತ ಬರುತ್ತದೆ. ಅದಕ್ಕೆ ಒಂದೆರಡು ದಿನದೊಳಗೆ ಚಿಕಿತ್ಸೆ ಬೇಕು, ನಿಜ. ಆದರೆ ನೋವು ತಾನಾಗಿ ಇಳಿದು ಕೆನ್ನೆ ಊದತೊಡಗಿದರೆ ಅದು ಅದಕ್ಕಿಂತ ಗಂಭೀರ. ಒಳಗೆ ನರ ಸತ್ತು, ಕೀವು ಮೂಳೆ ದಾಟಿ ಹೊರಬರುತ್ತಿರಬಹುದು.

ಕಿಟಕಿಯ ಬೆಳಕಿಗೆ ಮುಖ ಮಾಡಿಸಿ ಎರಡೂ ಕೆನ್ನೆ ಹೋಲಿಸಿ ನೋಡಿ. ಚಮಚದ ಹಿಡಿಯಿಂದ ಕೆನ್ನೆ ಸರಿಸಿ, ಮೊಬೈಲ್ ಟಾರ್ಚ್ ಹಿಡಿದು ವಸಡು ಕೆಂಪಗಿದೆಯೇ, ಗುಳ್ಳೆ ಎದ್ದಿದೆಯೇ ಗಮನಿಸಿ. ನಾಲಿಗೆ ಮೇಲೆತ್ತಿಸಿ ಅದರ ಅಡಿಯನ್ನೂ ನೋಡಿ. ಬಾವು ಗದ್ದದ ಕೆಳಗೆ, ಕತ್ತಿನ ಕಡೆ ಇಳಿದಿದ್ದರೆ, ನಾಲಿಗೆ ಮೇಲಕ್ಕೆದ್ದಿದ್ದರೆ, ಎಂಜಲು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಕಣ್ಣು ಮುಚ್ಚುವಷ್ಟು ಊದಿದ್ದರೆ ಸೋಂಕಿನ ಭಯ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ. ಇದಕ್ಕೆ ಹಲ್ಲಿನ ಕ್ಲಿನಿಕ್ ಸಾಲದು, ದೊಡ್ಡ ಆಸ್ಪತ್ರೆಯೇ ಬೇಕು. ಒತ್ತಿ ಹಿಡಿದರೂ ನಿಲ್ಲದ ರಕ್ತ, ಪೆಟ್ಟು ಬಿದ್ದು ದವಡೆ ಮುರಿದದ್ದು ಇವೂ ಅದೇ ಸಾಲಿಗೆ ಸೇರುತ್ತವೆ.

ಕ್ಲೀನಿಂಗ್, ನೋವಿಲ್ಲದ ಹುಳುಕು, ಹೊಸ ಸೆಟ್, ಹಲ್ಲಿನ ಕ್ಲಿಪ್ಪು ಇವೆಲ್ಲ ಕಾಯಬಹುದು. ಕ್ಲಿಪ್ಪಿನ ತಂತಿ ಕೆನ್ನೆಗೆ ಚುಚ್ಚುತ್ತಿದ್ದರೆ ವೈದ್ಯರು ಕೊಡುವ ಮೇಣ ಹಚ್ಚಿಕೊಂಡರೆ ಆಯಿತು.

ಆಮೇಲೆ: ಫೋನ್

ನೇರ ಹೋಗಿ ಬೆಂಚಿನ ಮೇಲೆ ಕೂರಬೇಡಿ. ವೈದ್ಯರಿಗೆ ಫೋನಿನಲ್ಲಿ ಹೇಳಬೇಕಾದ್ದು: ಯಾವ ಕಡೆಯ ಹಲ್ಲು, ಎಷ್ಟು ದಿನದಿಂದ ನೋವು, ಬಿಸಿ ಕುಡಿದಾಗಲೋ ಕಚ್ಚಿದಾಗಲೋ, ಜ್ವರ ಇದೆಯೇ, ಬಾಯಿ ಎರಡು ಬೆರಳಷ್ಟಾದರೂ ತೆರೆಯುತ್ತದೆಯೇ. ಶುಗರ್, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಿಣಿಯಾಗಿರುವುದು ಯಾವುದನ್ನೂ ಮುಚ್ಚಿಡಬೇಡಿ. ಹೃದಯದ ಮಾತ್ರೆಯನ್ನು ಹಲ್ಲು ಕೀಳಿಸಬೇಕೆಂದು ನೀವಾಗಿ ನಿಲ್ಲಿಸಲೂ ಬೇಡಿ. ಫೋಟೊ ವಾಟ್ಸ್ಆ್ಯಪ್ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಮನೆಯಲ್ಲಿ ಯಾರಿಗಾದರೂ ಕೆಮ್ಮು-ಜ್ವರ ಇದ್ದರೆ, ನಿಮಗೇ ಪಾಸಿಟಿವ್ ಬಂದಿದ್ದರೆ ಅದನ್ನೂ ಹೇಳಿ. ಹೇಳಿದರೆ ವಾಪಸ್ ಕಳಿಸುತ್ತಾರೆಂಬ ಅಂಜಿಕೆಯಿಂದ ಬಹಳ ಜನ ಬಾಯಿ ಬಿಡುವುದಿಲ್ಲ. ಹೇಳಿದರೆ ದಿನದ ಕೊನೆಯ ಸರದಿ ಕೊಡಬಹುದು, ಸೌಕರ್ಯವಿರುವ ಆಸ್ಪತ್ರೆಗೆ ಕಳಿಸಬಹುದು. ಹೇಳದಿದ್ದರೆ ನಿಮ್ಮ ನಂತರ ಅದೇ ಕುರ್ಚಿಯಲ್ಲಿ ಕೂರುವ ಅಜ್ಜಿಗೆ ತೊಂದರೆ.

ಬೆಳಗಾಗುವವರೆಗೆ

ಜ್ವರ ನೋಡಿಕೊಂಡೇ ಮಾತ್ರೆ ನುಂಗಿ. ಪ್ಯಾರಸಿಟಮಾಲ್ ನೋವನ್ನೂ ಜ್ವರವನ್ನೂ ಒಟ್ಟಿಗೇ ಇಳಿಸುವುದರಿಂದ ಆಮೇಲೆ ನೋಡಿದರೆ ಜ್ವರ ಗೊತ್ತಾಗುವುದಿಲ್ಲ. ದೊಡ್ಡವರಿಗೆ 500 ಮಿ.ಗ್ರಾಂನ ಒಂದೋ ಎರಡೋ ಮಾತ್ರೆ, ಆರು ಗಂಟೆ ಅಂತರ, ದಿನಕ್ಕೆ ಎಂಟು ಮೀರುವಂತಿಲ್ಲ. ಜ್ವರಕ್ಕೆಂದು ನುಂಗುವ 650ರ ಮಾತ್ರೆಯೂ ಇದೇ ಔಷಧ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಲಿವರ್ ತೊಂದರೆ ಇರುವವರು, ದಿನವೂ ಕುಡಿಯುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸಿ. ಲವಂಗದ ಎಣ್ಣೆ ಹತ್ತಿಯ ತುದಿಗೆ ತಾಗಿಸಿ ಹುಳುಕಿನ ಗುಳಿಗಷ್ಟೇ ಇಡಿ, ವಸಡಿಗೆ ಸುರಿದರೆ ಸುಡುತ್ತದೆ. ಹೊಗೆಸೊಪ್ಪು, ನಶ್ಯ, ಪುಡಿ ಮಾಡಿದ ಮಾತ್ರೆ ಹಲ್ಲಿನ ಸಂದಿಗೆ ತುರುಕುವುದು ಬೇಡ. ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖವೂ ಬೇಡ.

ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯೊಟಿಕ್ ಕೇಳಿ ತರುವ ಅಭ್ಯಾಸ ಲಾಕ್‌ಡೌನಿನಲ್ಲಂತೂ ಸುಲಭದ ದಾರಿಯಾಗಿ ಕಾಣುತ್ತದೆ. ನರದ ನೋವಿಗೆ ಅದು ಕೆಲಸವನ್ನೇ ಮಾಡದು. ಜ್ವರ, ಹರಡುವ ಬಾವು ಇದ್ದಾಗ ವೈದ್ಯರು ಬರೆದುಕೊಡುತ್ತಾರೆ. ಆಗಲೂ ಕೀವು ತೆಗೆಯದೆ, ಹಲ್ಲಿಗೆ ಚಿಕಿತ್ಸೆ ಮಾಡದೆ ರೋಗ ಹೋಗುವುದಿಲ್ಲ.

ಹಲ್ಲು ಬಿದ್ದರೆ ಹಾಲಿಗೆ

ಶಾಲೆ ಮುಚ್ಚಿದಾಗ ಮಕ್ಕಳು ಮನೆ ಮುಂದೆಯೇ ಸೈಕಲ್ ಹೊಡೆದು ಬೀಳುತ್ತಾರೆ. ಮುಂದಿನ ಶಾಶ್ವತ ಹಲ್ಲು ಬೇರುಸಹಿತ ಕಿತ್ತು ಬಂದರೆ ಅದನ್ನು ಬೇರಿನ ಕಡೆ ಮುಟ್ಟದೆ ಎತ್ತಿಕೊಳ್ಳಿ. ಮಣ್ಣಿದ್ದರೆ ಹತ್ತು ಸೆಕೆಂಡು ನೀರಿನಲ್ಲಿ ತೊಳೆದರೆ ಸಾಕು, ಉಜ್ಜಬೇಡಿ. ಸಾಧ್ಯವಾದರೆ ಅದೇ ಗುಳಿಯಲ್ಲಿ ಕೂರಿಸಿ ಕರವಸ್ತ್ರ ಕಚ್ಚಿಸಿ. ಆಗದಿದ್ದರೆ ಲೋಟಕ್ಕೆ ತಣ್ಣನೆಯ ಪ್ಯಾಕೆಟ್ ಹಾಲು ಸುರಿದು ಅದರಲ್ಲಿ ಮುಳುಗಿಸಿಟ್ಟುಕೊಂಡು ಹೊರಡಿ. ಅರ್ಧ ಗಂಟೆಯೊಳಗೆ ವೈದ್ಯರ ಕೈಸೇರಿದರೆ ಉಳಿಯುವ ಸಾಧ್ಯತೆ ಹೆಚ್ಚು. ಹಾಲುಹಲ್ಲನ್ನು ಮಾತ್ರ ವಾಪಸ್ ಕೂರಿಸಬಾರದು, ಒಳಗಿನ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ.

ಕ್ಲಿನಿಕ್‌ನಲ್ಲಿ

ಒಬ್ಬರೇ ಹೋಗಿ. ಮಗುವಾದರೆ ಜೊತೆಗೆ ಒಬ್ಬರು ಸಾಕು. ಊಟ, ಶುಗರ್ ಮಾತ್ರೆ ಮುಗಿಸಿಕೊಂಡು, ಕೊಟ್ಟ ಹೊತ್ತಿಗೆ ಸರಿಯಾಗಿ ತಲುಪಿ. ಕರೆಯುವವರೆಗೆ ಹೊರಗೇ ನಿಂತರೆ ಒಳ್ಳೆಯದು. ಕಿಟಕಿ ತೆರೆದಿದೆಯೇ, ವೈದ್ಯರು ಎನ್95 ಮಾಸ್ಕ್ ಧರಿಸಿದ್ದಾರೆಯೇ, ಒಬ್ಬೊಬ್ಬರ ನಡುವೆ ಬಿಡುವು ಕೊಟ್ಟು ಒರೆಸುತ್ತಿದ್ದಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ರೂಟ್ ಕೆನಾಲ್ ಮುಂದಕ್ಕೆ ಹಾಕಿ ತಾತ್ಕಾಲಿಕ ಔಷಧ ತುಂಬಿ ಕಳಿಸಿದರೆ ಬೇಸರಿಸಬೇಡಿ, ತುಂತುರು ಕಡಿಮೆ ಮಾಡಲು ಹಾಗೆ ಮಾಡಿರುತ್ತಾರೆ. ಆದರೆ ಉಳಿದ ಚಿಕಿತ್ಸೆಯ ದಿನ ಕೇಳಿ ಬರೆದುಕೊಳ್ಳಿ.

ಹಲ್ಲು ಕಿತ್ತ ಮೇಲೆ ಹತ್ತಿಯನ್ನು ಅರ್ಧ-ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಆ ದಿನ ಉಗುಳಬಾರದು, ಮುಕ್ಕಳಿಸಬಾರದು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಎರಡು-ಮೂರು ದಿನಕ್ಕೆ ತಡೆಯಲಾರದ ನೋವು ಶುರುವಾಗುತ್ತದೆ. ಮೊಸರನ್ನ, ಗಂಜಿ ಸಾಕು. ಮಂಡಕ್ಕಿ-ಮಿರ್ಚಿ ಒಂದು ವಾರ ಬೇಡ, ಮಂಡಕ್ಕಿಯ ಚೂರು ನೇರ ಗುಳಿಗೆ ಸೇರುತ್ತದೆ. ಬೀಡಿ-ಸಿಗರೇಟು, ಅಡಿಕೆಯೂ ದೂರ ಇರಲಿ.

ಕೋವಿಡ್‌ನಿಂದ ಎದ್ದವರಿಗೆ

2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಕಾಣಿಸಿಕೊಂಡಿತು. ಹತೋಟಿ ತಪ್ಪಿದ ಶುಗರ್ ಇದ್ದವರಿಗೆ, ಸ್ಟೆರಾಯ್ಡ್ ತೆಗೆದುಕೊಂಡವರಿಗೆ ಅದು ಹೆಚ್ಚಾಗಿ ಅಂಟಿತು. ಹುಳುಕಿಲ್ಲದ ಮೇಲಿನ ಹಲ್ಲುಗಳು ಸಾಲಾಗಿ ಅಲುಗಾಡತೊಡಗಿದರೆ, ಮುಖದ ಒಂದು ಕಡೆ ನೋವು ಅಥವಾ ಮರಗಟ್ಟಿದಂತಾದರೆ, ಅಂಗುಳಿನಲ್ಲಿ ಕಪ್ಪು ಕಲೆ ಕಂಡರೆ ಹಲ್ಲು ಕೀಳಿಸಿಕೊಂಡು ಸುಮ್ಮನಾಗಬೇಡಿ. ಕೋವಿಡ್ ಡಿಸ್ಚಾರ್ಜ್ ಚೀಟಿ ಮತ್ತು ಶುಗರ್ ವರದಿ ಹಿಡಿದು ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಸ್ಟೆರಾಯ್ಡ್ ಎಷ್ಟು ದಿನ ಕೊಟ್ಟಿದ್ದರು ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.