ಟ್ಯೂನಿಂಗ್‌ಗಿಂತ ಮೊದಲು ಚೇಂಬರ್: ನನ್ನ ಹಳೇ ಆಕ್ಟೇವಿಯಾ ಆರ್‌ಎಸ್ ಅನುಭವ

ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಪೆಟ್ರೋಲ್ ಎಂಜಿನ್, ಅದಕ್ಕೆ ಗಾಳಿ ಒತ್ತಿ ತುಂಬುವ ಟರ್ಬೊ, ಸಿಲಿಂಡರಿಗೆ ಐದರಂತೆ 20 ವಾಲ್ವ್. ಯುರೋಪಿನಲ್ಲಿ ಇದೇ ಹೆಸರಿನ ಕಾರಿಗೆ 180 ಪಿಎಸ್ ಇತ್ತು, ನಮಗೆ ಕೊಟ್ಟಿದ್ದು 150. ಆ 30 ಕುದುರೆ ಎಲ್ಲಿ ಹೋಯ್ತು ಅಂತ ನನಗೆ ಹೊಟ್ಟೆಯುರಿ.

ಹಾಗಾಗಿ ಕಾರು ತಗೊಂಡ ಎರಡನೇ ತಿಂಗಳಿಗೇ ರೀಮ್ಯಾಪ್ ಮಾಡಿಸಿದೆ, ಅಂದರೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಪವರ್ ಏರಿಸುವುದು. ಅಂಗಡಿಯವರು ಲ್ಯಾಪ್‌ಟಾಪ್ ಹಚ್ಚಿ, ಫೈಲ್ ತುಂಬಿ ಕಳಿಸಿದರು. ಬಾನೆಟ್ ಕೂಡ ಎತ್ತಲಿಲ್ಲ. ಎತ್ತಿ ನೋಡಿ ಅಂತ ನಾನೂ ಹೇಳಲಿಲ್ಲ ಬಿಡಿ.

ಒಂದು ವಾರ ಖುಷಿಯೋ ಖುಷಿ. ಆಮೇಲೆ ಊರಿಂದ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಹಿಂದಿಕ್ಕಲು ಪೂರ್ತಿ ಒತ್ತಿದೆ. ಉಸ್ ಅಂತ ಸದ್ದು ಬಂತು, ಪಿಕಪ್ ಸತ್ತೇ ಹೋಯಿತು. ಎದುರಿಗೆ ಬಸ್. ಬಾಲ ಮುದುರಿಕೊಂಡು ಅದೇ ಲಾರಿಯ ಹಿಂದೆ ಸೇರಿಕೊಂಡೆ. ಸಕಲೇಶಪುರದವರೆಗೂ ಅದರ ಹೊಗೆ ಕುಡಿದೆ.

ಬೆಂಗಳೂರಿಗೆ ಬಂದು ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದೆ. ಹಳೇ ಕೈ. ಕಥೆ ಪೂರ್ತಿ ಕೇಳಿ, "ಸಾರ್, ಟ್ಯೂನಿಂಗ್ ಎಲ್ಲಾ ಆಮೇಲೆ. ಮೊದ್ಲು ಚೇಂಬರ್ ಬಿಚ್ಚೋಣ" ಅಂದರು.

ಆಯಿಲ್ ಚೇಂಬರ್, ಅಂದರೆ ಎಂಜಿನ್ ತಳದ ಎಣ್ಣೆ ತೊಟ್ಟಿ, ಇಳಿಸಿದಾಗ ಕಂಡಿದ್ದು ನೋಡಿ ಎದೆ ಝಲ್ ಅಂತು. ಎಣ್ಣೆ ಹೀರುವ ಪೈಪಿನ ಜಾಲರಿ ಅರ್ಧಕ್ಕೂ ಜಾಸ್ತಿ ಮುಚ್ಚಿತ್ತು. ಒಲೆ ಮೇಲೆ ತಳಹಿಡಿದ ಬೆಲ್ಲದ ಪಾಕದಂಥ ಕರೀ ಜಿಡ್ಡು. ಟರ್ಬೊಗೆ ಎಣ್ಣೆ ಕೊಡುವ ಸಣ್ಣ ಪೈಪು ಬಿಸಿ ಹೊಗೆ ಆಚೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಹಾದುಹೋಗುತ್ತದೆ. ಆ ಶಾಖಕ್ಕೆ ಒಳಗಿನ ಎಣ್ಣೆ ಸುಟ್ಟು ಇದ್ದಿಲಾಗುತ್ತದೆ. ನಮ್ಮದರಲ್ಲಿ ತಂತಿ ತೂರಿಸಿದರೂ ಸಲೀಸಾಗಿ ಹೋಗಲಿಲ್ಲ. ಇದರ ಮೇಲೆ ನಾನು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿಕೊಂಡು ಮೆರೆಯುತ್ತಿದ್ದೆ! ಜಾಲರಿ, ಪೈಪು ಎರಡೂ ಹೊಸದು ಹಾಕಿದೆವು. ಅವತ್ತಿಂದ ಫೋಕ್ಸ್‌ವ್ಯಾಗನ್ 502.00 ದರ್ಜೆಯ ಸಿಂಥೆಟಿಕ್ ಆಯಿಲ್, 7,000 ಕಿ.ಮೀ.ಗೆ ಒಂದು ಸಲ ಬದಲು.

ಆ ಉಸ್ ಸದ್ದಿನ ಮೂಲ ಹುಡುಕಲು ನಾನೇ ಒಂದು ಸಾಧನ ಮಾಡಿಕೊಂಡೆ. ಪ್ಲಂಬಿಂಗ್ ಅಂಗಡಿಯ ಪಿವಿಸಿ ಎಂಡ್ ಕ್ಯಾಪ್, ಅದಕ್ಕೊಂದು ತೂತು, ತೂತಿಗೆ ಟ್ಯೂಬ್‌ಲೆಸ್ ಟೈರಿನ ವಾಲ್ವ್. ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಬಿಚ್ಚಿ, ಟರ್ಬೊಗೆ ಹೋಗುವ ರಬ್ಬರ್ ಪೈಪಿನ ಬಾಯಿಗೆ ಇದನ್ನು ಕ್ಲಾಂಪ್ ಮಾಡಿ, ಟೈರ್ ಪಂಪಿನಿಂದ 10 ಪಿಎಸ್‌ಐ ಗಾಳಿ ತುಂಬಿದೆ. ಮೊದಲ ಸಲ ಒತ್ತಡ ನಿಲ್ಲಲೇ ಇಲ್ಲ. ಎಂಜಿನ್ ಒಳಗಿನ ಆವಿ ಆಚೆ ಬಿಡುವ ಬ್ರೀದರ್ ಹೋಸ್ ಮುಚ್ಚಲು ಮರೆತಿದ್ದೆ, ಗಾಳಿ ಎಲ್ಲಾ ಎಂಜಿನ್ ಹೊಟ್ಟೆಗೆ ಹೋಗುತ್ತಿತ್ತು. ಅದನ್ನು ಮುಚ್ಚಿ, ಸೋಪಿನ ನೀರು ಎರಚಿದರೆ ಮೂರು ಕಡೆ ಗುಳ್ಳೆ. ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಹತ್ತಿರ ಒಂದು ಸಡಿಲ ಕ್ಲಾಂಪ್, ಕಾಲು ತೆಗೆದಾಗ ಬೂಸ್ಟ್ ಹಿಂದಕ್ಕೆ ಬಿಡುವ ಡೈವರ್ಟರ್ ವಾಲ್ವ್, ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಎಂಜಿನ್ ಆವಿಯನ್ನು ಅದಕ್ಕೆ ತರುವ ಪಿಸಿವಿ ಹೋಸ್. ಈ ಹೋಸ್ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಯಿತು.

ಅದೊಂದು ಹೋಸ್ ಮಾಡುವ ಕಿತಾಪತಿ ಕೇಳಿ. ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ಬಿರುಕಿನಿಂದ ಗಾಳಿ ಒಳಗೆ ನುಗ್ಗುತ್ತದೆ, ಸೆನ್ಸರಿಗೆ ಅದು ಗೊತ್ತೇ ಆಗುವುದಿಲ್ಲ. ಬೂಸ್ಟ್ ಬಂದಾಗ ಸೆನ್ಸರ್ ಎಣಿಸಿದ ಗಾಳಿಯೇ ಅಲ್ಲಿಂದ ಆಚೆ ಹೋಗುತ್ತದೆ. ಎರಡೂ ಸಲ ಪೆಟ್ರೋಲ್ ಲೆಕ್ಕ ತಪ್ಪು. ಸ್ಕ್ಯಾನರಿನ 032ನೇ ಬ್ಲಾಕಿನಲ್ಲಿ ಐಡಲ್‌ನಲ್ಲಿ ಕಂಪ್ಯೂಟರ್ ಮಾಡುವ ಪೆಟ್ರೋಲ್ ತಿದ್ದುಪಡಿ +8 ತೋರಿಸುತ್ತಿತ್ತು, ಹೋಸ್ ಹಾಕಿದ ಮೇಲೆ 1ರ ಆಸುಪಾಸಿಗೆ ಬಂತು.

ವಾಲ್ವ್‌ಗಳನ್ನು ಪಿಸ್ಟನ್ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಲೋಹದ ರೆಕ್ಕೆಯ ವಾಟರ್ ಪಂಪ್ ಒಟ್ಟಿಗೆ ಬದಲಾಯಿಸಿದೆವು. ಹಳೇ ಪಂಪಿಗೆ ಪ್ಲಾಸ್ಟಿಕ್ ರೆಕ್ಕೆ, ಅದನ್ನು ನಂಬುವ ಹಾಗಿಲ್ಲ. ಬೆಲ್ಟ್ ಕಿತ್ತರೆ 20 ವಾಲ್ವೂ ಪಿಸ್ಟನ್ನಿಗೆ ಬಡಿಯಬಹುದು. ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಈ ಎಂಜಿನ್ನಿನ ಹುಟ್ಟು ಕಾಯಿಲೆ. ನಾಲ್ಕೂ ಹೊಸದು ಹಾಕಿ, ಒಂದು ಡಿಕ್ಕಿಯಲ್ಲೂ ಇಟ್ಟಿದ್ದೇನೆ. ಬಿಡಿಭಾಗಕ್ಕೆ ಜೆ.ಸಿ. ರೋಡ್ ಎಷ್ಟು ಸಲ ಸುತ್ತಿದೆನೋ ಲೆಕ್ಕ ಇಟ್ಟಿಲ್ಲ. ಮನೆಯಲ್ಲಿ ಲೆಕ್ಕ ಕೇಳಬಾರದು ಅಲ್ವಾ?

ಇಷ್ಟೆಲ್ಲಾ ಆದ ಮೇಲೆ ಬೇರೆ ಟ್ಯೂನರ್ ಹತ್ತಿರ ಹೋದೆ. ಈ ಎಂಜಿನ್ನಿನ ಕನೆಕ್ಟಿಂಗ್ ರಾಡ್‌ಗಳು (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳುಗಳು) ಸಣಕಲು. ಕಡಿಮೆ ಆರ್‌ಪಿಎಂನಲ್ಲಿ ಟಾರ್ಕ್ (ತಿರುಗಿಸುವ ಬಲ) ಜಾಸ್ತಿ ತುಂಬಿದರೆ ಬಾಗುತ್ತವೆ. ಅದಕ್ಕೇ ದೊಡ್ಡ ಟರ್ಬೊ ಆಸೆ ಬಿಟ್ಟೆ. ಮೂಲ 210 ನ್ಯೂಟನ್ ಮೀಟರ್ ಅನ್ನು 270ಕ್ಕೆ ನಿಲ್ಲಿಸಿ ಎಂದೆ. ಪ್ಲಗ್ ಗ್ಯಾಪ್ 0.7 ಮಿ.ಮೀ. ಮಾಡಿಸಿದೆ. ಸೈಲೆನ್ಸರ್ ಮುಟ್ಟಲಿಲ್ಲ, ಎಮಿಷನ್ ಟೆಸ್ಟಿನಲ್ಲಿ ತಲೆನೋವು ಯಾರಿಗೆ ಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್, 2005ರ ರಬ್ಬರಿಗೆ ಅದು ಒಗ್ಗುವುದಿಲ್ಲ. ಫ್ಯೂಯೆಲ್ ಹೋಸ್‌ಗಳನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿದೆ.

ಹೋದ ತಿಂಗಳು ಮತ್ತೆ ಶಿರಾಡಿ ಹತ್ತಿದೆ. 2,000 ಆರ್‌ಪಿಎಂ ದಾಟಿದ್ದೇ ತಡ, ಲಾರಿ ಕನ್ನಡಿಯಲ್ಲಿ ಚಿಕ್ಕದಾಯಿತು. ಆದರೆ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೇರುತ್ತದೆ, ಕಾರಿನ ವೇಗ ಏರುವುದಿಲ್ಲ. ಕ್ಲಚ್ ಜಾರುತ್ತಿದೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, "ಗೊತ್ತಿತ್ತು ಸಾರ್, ನೀವೇ ಬರ್ತೀರಾ ಅಂತ ಸುಮ್ನಿದ್ದೆ" ಅಂದರು.